‘ಜೈಲಿಗೆ ಹಾಕಿಸ್ತೀನಿ’ ಅನ್ನುವ ಅಭ್ಯರ್ಥಿಗೆ ಇನ್ನೊಂದು ಪ್ರಶ್ನೆ

ಕರಾವಳಿಯಿಂದ ಬಂದ ನಾವು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮದ್ರಸ ಕಲಿಸಲು ಶುರುಮಾಡಿ ವರ್ಷಗಳಾದವು. ಇಲ್ಲಿಯವರಿಗೆ ‘ಉಸ್ತಾದ್’ ಅಂದರೆ ಅಷ್ಟು ಬಳಕೆಯಿಲ್ಲ, ‘ಹಜ್ರತ್’ ಅಂತಲೇ ಕರೆಯುತ್ತಾರೆ. ಒಂದು ಚುನಾವಣೆಯ ಸಮಯ. ಜುಮಾ ಮುಗಿಸಿ ಹೊರಬರುವಾಗ ಮಸೀದಿ ಗೇಟಿನ ಹತ್ತಿರ ಅಭ್ಯರ್ಥಿಯೊಬ್ಬರು ನಿಂತಿದ್ದರು. ‘ಗಾಂಜಾ ಮಾರೋರನ್ನ ಒಬ್ಬರನ್ನೂ ಬಿಡಲ್ಲ, ಜೈಲಿಗೆ ಹಾಕಿಸ್ತೀನಿ’ ಅಂದರು. ಎಲ್ಲರೂ ತಲೆಯಾಡಿಸಿದರು. ನಾವೂ ಆಡಿಸಿದೆವು.

ಅದೇ ರಾತ್ರಿ ಇಶಾ ನಮಾಜಿನ ನಂತರ ಒಬ್ಬ ತಾಯಿ ಬಂದು ಬಾಗಿಲ ಹೊರಗೇ ನಿಂತರು. ಮಗ ನಮ್ಮಲ್ಲೇ ಓದಿದವನು, ಈಗ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುವವನು. ‘ಹಜ್ರತ್, ಅವನನ್ನ ಆಸ್ಪತ್ರೆಗೆ ಕರ್ಕೊಂಡ್ಹೋದ್ರೆ ಪೊಲೀಸ್ರು ಹಿಡ್ಕೊಂಡು ಹೋಗ್ತಾರಾ?’ ಅಂತ ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಮಧ್ಯಾಹ್ನ ಕೇಳಿದ ಭಾಷಣದಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಆಮೇಲೆ ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡೆವು. 1985ರ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಅಂತ ಒಂದು ಕಲಮು ಇದೆ. ಚಟಕ್ಕೆ ಬಿದ್ದವನು ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ್ದರೂ, ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ಮಾರುವವನ ವಿಷಯ ಬೇರೆ. 20 ಕೆಜಿಗಿಂತ ಹೆಚ್ಚು ಗಾಂಜಾ ಸಿಕ್ಕರೆ ಕನಿಷ್ಠ 10 ವರ್ಷ ಕಠಿಣ ಶಿಕ್ಷೆ. ಅಂದರೆ ಕಾನೂನೇ ಮಾರುವವನನ್ನೂ ಚಟಕ್ಕೆ ಬಿದ್ದವನನ್ನೂ ಬೇರೆ ಬೇರೆ ನೋಡುತ್ತದೆ. ನಮ್ಮ ಅಭ್ಯರ್ಥಿಗಳ ಭಾಷಣ ಮಾತ್ರ ಇಬ್ಬರನ್ನೂ ಒಂದೇ ವ್ಯಾನಿಗೆ ಹತ್ತಿಸುತ್ತದೆ. ಅದನ್ನು ಕೇಳಿದ ತಾಯಿ ಹೆದರಿ ಮಗನನ್ನು ಮನೆಯೊಳಗೆ ಬಚ್ಚಿಡುತ್ತಾಳೆ.

ಬರೀ ಅಬ್ಬರದಿಂದ ಏನಾಗುತ್ತದೆ ಅನ್ನುವುದನ್ನು ಪಂಜಾಬ್ ನೋಡಿದೆ. 2015ರ ಡಿಸೆಂಬರಿನಲ್ಲಿ ಅಮರಿಂದರ್ ಸಿಂಗ್ ಸಿಖ್ಖರ ಪ್ರಾರ್ಥನಾ ಗ್ರಂಥವನ್ನು ಕೈಯಲ್ಲಿ ಹಿಡಿದು, 4 ವಾರದಲ್ಲಿ ಡ್ರಗ್ಸ್‌ನ ಸೊಂಟ ಮುರಿಯುತ್ತೇನೆ ಅಂತ ಆಣೆ ಮಾಡಿದರು. 2017ರಲ್ಲಿ ಗೆದ್ದು ಮುಖ್ಯಮಂತ್ರಿಯೂ ಆದರು. 2021ರಲ್ಲಿ ಅವರು ಕುರ್ಚಿ ಬಿಡುವಾಗಲೂ ಅಲ್ಲಿ ಡ್ರಗ್ಸ್ ಚುನಾವಣೆಯ ವಿಷಯವಾಗಿಯೇ ಉಳಿದಿತ್ತು. ಆದರೆ ಅದೇ ಸರ್ಕಾರ 2017ರ ಅಕ್ಟೋಬರಿನಿಂದ ಹೆರಾಯಿನ್‌ನಂಥ ಚಟದವರಿಗೆ ದಾಖಲಾಗದೆ ಬಂದು ಔಷಧಿ ತೆಗೆದುಕೊಂಡು ಹೋಗುವ ಕ್ಲಿನಿಕ್‌ಗಳನ್ನು ತೆರೆಯಿತು. ಆಣೆಗೆ ಸಿಕ್ಕಿದಷ್ಟು ಚಪ್ಪಾಳೆ ಕ್ಲಿನಿಕ್‌ಗೆ ಸಿಗಲಿಲ್ಲ. ಆದರೆ ಮನೆಯವರಿಗೆ ಬಾಗಿಲು ತೆರೆದದ್ದು ಕ್ಲಿನಿಕ್ಕೇ.

ಇನ್ನು ಕುಡಿತ. ಅದು ಹರಾಮ್ ಅಂತ ನಮ್ಮ ಮಕ್ಕಳಿಗೆ ಗೊತ್ತು. ಅಭ್ಯರ್ಥಿಗಳು ಗಾಂಜಾ ಅಂದರೆ ಗುಡುಗುತ್ತಾರೆ, ಹೆಂಡದಂಗಡಿ ಅಂದರೆ ಸುಮ್ಮನಾಗುತ್ತಾರೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಆದರೆ ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅದೇ ವರ್ಷ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ.

ಹಾಗಾದರೆ ಯಾರನ್ನು ಏನು ಕೇಳುವುದು? ಮಾದಕ ವಸ್ತು ಕಾಯ್ದೆ ಪಾರ್ಲಿಮೆಂಟಿನದು. ಚಿಕ್ಕಬಳ್ಳಾಪುರ, ಗೌರಿಬಿದನೂರಿನವರು ಚಿಕ್ಕಬಳ್ಳಾಪುರ ಕ್ಷೇತ್ರದ ಎಂಪಿ ಅಭ್ಯರ್ಥಿಯನ್ನು ಕೇಳಬೇಕು. ಚಿಂತಾಮಣಿ, ಶಿಡ್ಲಘಟ್ಟದವರು ಇದೇ ಜಿಲ್ಲೆಯವರಾದರೂ ಅವರ ಓಟು ಕೋಲಾರ ಲೋಕಸಭೆಗೆ. ಸರ್ಕಾರಿ ಆಸ್ಪತ್ರೆ, ಪೊಲೀಸು, ಅಬಕಾರಿ ಇವೆಲ್ಲ ರಾಜ್ಯದ್ದು, ಅದಕ್ಕೆ ಎಂಎಲ್‌ಎ ಅಭ್ಯರ್ಥಿ ಉತ್ತರ ಕೊಡಬೇಕು.

ಪ್ರಶ್ನೆಗಳು ಸರಳ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮಲ್ಲಿ ತಪ್ಪದೆ ನಡೆಯುತ್ತದಾ? ಚಟ ಬಿಡಿಸಲು ಜಿಲ್ಲೆಯಲ್ಲಿ ಎಷ್ಟು ಹಾಸಿಗೆ ಇದೆ, ನೀವು ಎಷ್ಟು ಮಾಡಿಸ್ತೀರಿ? ಕೂಲಿಯವನು ಪ್ರತಿ ಸಲ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾ? ಚೀಟಿ ಇಲ್ಲದೆ ನೋವಿನ ಮಾತ್ರೆ, ನಿದ್ದೆ ಮಾತ್ರೆ ಕೊಡುವ ಅಂಗಡಿಗಳನ್ನು ತಪಾಸಣೆ ಮಾಡಿಸ್ತೀರಾ? 64ಎ ಕಲಮಿನ ವಿಷಯ ನಮ್ಮ ಠಾಣೆಗಳಲ್ಲಿ ಬೋರ್ಡು ಹಾಕಿ ತಿಳಿಸ್ತೀರಾ?

ಕರಾವಳಿಯ ಸಹೋದರರಿಗೂ ಇದೇ ಮಾತು. ಜಮಾಅತ್ ಕಮಿಟಿಗಳು ಚಟಕ್ಕೆ ಬಿದ್ದ ಹುಡುಗನ ಮನೆಯನ್ನು ದೂರ ಇಡುವ ಮೊದಲು 14446 ಸಹಾಯವಾಣಿಯ ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಲಿ.

ಆ ತಾಯಿಗೆ ನಾವು ಉತ್ತರ ಹೇಳಿದೆವು, ಮೊದಲ ದಿನ ಜೊತೆಗೂ ಹೋದೆವು. ಹುಡುಗ ಎರಡು ಸಲ ಚಿಕಿತ್ಸೆ ಬಿಟ್ಟು ಓಡಿದ, ಮೂರನೇ ಸಲ ಹೋಗುತ್ತಿದ್ದಾನೆ. ಪೂರ್ತಿ ಬಿಟ್ಟಿದ್ದಾನೆ ಅಂತ ಹೇಳಲಾರೆವು. ಮುಂದಿನ ಸಲ ಗೇಟಿನ ಹತ್ತಿರ ಅಭ್ಯರ್ಥಿ ಬಂದು ನಿಂತಾಗ ನಾವು ಬರೀ ತಲೆಯಾಡಿಸುವುದಿಲ್ಲ. ‘ಮಾರೋರನ್ನ ಜೈಲಿಗೆ ಹಾಕಿಸಿ, ಸರಿ. ನಮ್ಮ ಹುಡುಗರನ್ನ ಎಲ್ಲಿಗೆ ಕಳಿಸ್ತೀರಿ?’ ಅಂತ ಕೇಳುತ್ತೇವೆ.