ಹೆರುವ ಗಂಡಿಗಾಗಿ ಕಾದವನು

ತೂಕಡಿಸಿ ತಲೆ ಬಾಗಿತೋ, ಸಣ್ಣಗೆ ಕರೆಂಟು ಹೊಡೆದು ಎಬ್ಬಿಸಬೇಕು. ಅಂಥದ್ದೊಂದು ಸಾಧನವನ್ನು ತನ್ನ ಟೋಪಿಗೆ ತಾನೇ ಕಟ್ಟಿಕೊಂಡು ಗಾಜಿನ ತೊಟ್ಟಿಯ ಮುಂದೆ ಕ್ಯಾಮೆರಾ ಹೂಡಿ ಕೂತಿದ್ದ ಝಾನ್ ಪ್ಯಾನ್‌ಲವೆ. ತೊಟ್ಟಿಯಲ್ಲಿದ್ದದ್ದು ದಿನ ತುಂಬಿದ ಬಸುರಿ. ಬಸುರಿ ಅನ್ನಲೂ ಬಾಯಿ ತಡವರಿಸುತ್ತದೆ; ಕಡಲಕುದುರೆಗಳಲ್ಲಿ ಹೊಟ್ಟೆ ಹೊರುವುದು ಗಂಡು. ಹೆಣ್ಣು ಗಂಡಿನ ಹೊಟ್ಟೆಯ ಚೀಲದೊಳಗೆ ಮೊಟ್ಟೆಯಿಟ್ಟು ಹಗುರಾಗುತ್ತದೆ. ಅಲ್ಲಿಂದಾಚೆಗೆ ಮರಿಗಳಿಗೆ ಉಸಿರು ಒದಗಿಸುವುದರಿಂದ ಹಿಡಿದು ಹೆರಿಗೆಯ ನೋವಿನವರೆಗೆ ಎಲ್ಲವೂ ಅವನ ಪಾಲಿಗೆ.

ಆ ಒಂದು ಗಳಿಗೆ ಯಾವಾಗ ಬಂದೀತೆಂದು ಹೇಳುವವರಿರಲಿಲ್ಲ. ಕೊನೆಗೂ ಬಂತು. ಗಂಡು ಮೈಯನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಚೀಲದ ಬಾಯಿಂದ ಮರಿಗಳನ್ನು ಚಿಮ್ಮಿಸುತ್ತದೆ. ಅಷ್ಟು ಚಿಕ್ಕ ಮರಿಗೂ ಅಪ್ಪನದೇ ಕುದುರೆ ಮೂತಿ. 1934ರ ಆ ಚಿತ್ರ ಹದಿನೈದು ನಿಮಿಷವೂ ಇಲ್ಲ. ಸೂಲಗಿತ್ತಿಯರನ್ನು ಕಂಡು ಬೆಳೆದ ನಮ್ಮ ಕಡೆಯ ಯಾವ ಅಜ್ಜಿಗೆ ತೋರಿಸಿದರೂ ಆ ಗಂಡಿನ ಕಣ್ಣು ನೋಡಿ ‘ಪಾಪ’ ಅಂದಾಳು.

ಪ್ಯಾನ್‌ಲವೆ ಹುಟ್ಟಿದ್ದು 1902ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಪಾಲ್ ಪ್ಯಾನ್‌ಲವೆ ದೊಡ್ಡ ಗಣಿತಜ್ಞ, ಫ್ರಾನ್ಸಿನ ಪ್ರಧಾನಿಯೂ ಆಗಿದ್ದವರು. ಮಗ ಗಣಿತ ಬಿಟ್ಟ, ವೈದ್ಯಕೀಯವನ್ನೂ ಬಿಟ್ಟ, ಸೊರ್ಬಾನ್‌ನಲ್ಲಿ ಜೀವವಿಜ್ಞಾನ ಓದಿದ. ಬ್ರಿಟನಿಯ ಕಡಲತೀರದ ಪ್ರಯೋಗಾಲಯದಲ್ಲಿ ಗೆಳತಿಯಾದ ಜಿನೆಟ್ ಆಮೊ ಬಾಳುದ್ದಕ್ಕೂ ಕೆಲಸದಲ್ಲೂ ಜೊತೆಯಾದಳು. ಚಿತ್ರಗಳ ಮೇಲೆ ಅವನ ಹೆಸರಷ್ಟೇ ದೊಡ್ಡದಾಗಿ ಉಳಿದದ್ದು ನನಗಂತೂ ಸರಿಕಾಣುವುದಿಲ್ಲ.

1928ರಲ್ಲಿ ಒಂದು ಪುಟ್ಟ ಮೀನಿನ ಮೊಟ್ಟೆ ಬೆಳೆಯುವ ಬಗೆಯನ್ನು ಚಿತ್ರಿಸಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಸಿನಿಮಾ ಎಲ್ಲಾದರೂ ಗಂಭೀರ ವಿಷಯವೇ ಎಂದು ಸಿಡುಕಿ ಒಬ್ಬ ವಿದ್ವಾಂಸರು ಎದ್ದು ನಡೆದರಂತೆ. ಇವನು ಜಗಳಕ್ಕೆ ನಿಲ್ಲಲಿಲ್ಲ. ಒಂದೇ ವಿಷಯವನ್ನು ವಿಜ್ಞಾನಿಗಳಿಗೊಂದು, ವಿದ್ಯಾರ್ಥಿಗಳಿಗೊಂದು, ಟಿಕೆಟ್ ಕೊಂಡು ಬರುವ ಜನಕ್ಕೊಂದು ಎಂದು ಬೇರೆಬೇರೆಯಾಗಿ ಕತ್ತರಿಸಿ ಜೋಡಿಸತೊಡಗಿದ.

ಕಡಲಕುದುರೆಯ ಕೆಲವು ದೃಶ್ಯಗಳಿಗೆ ಆರ್ಕಶಾನ್ ಕೊಲ್ಲಿಯಲ್ಲಿ ನೀರಿಗೇ ಇಳಿದ. ನೀರು ಹೋಗದ ಪೆಟ್ಟಿಗೆಯಲ್ಲಿ ಕ್ಯಾಮೆರಾ. ಅದರಲ್ಲಿ ಕೆಲವೇ ಸೆಕೆಂಡುಗಳಿಗಾಗುವಷ್ಟು ಫಿಲ್ಮು, ಮುಗಿದಾಗಲೆಲ್ಲ ಮೇಲೆ ಬರಬೇಕು. ಉಸಿರಿಗೆ ದೋಣಿಯಿಂದ ಒಂದು ಕೊಳವೆ, ಅದರ ತುದಿಗೆ ಕೈಯಲ್ಲಿ ತಿರುಗಿಸುವ ಪಂಪು. ಒಮ್ಮೆ ಗಾಳಿಯೇ ಬರದಂತಾಗಿ ಒದ್ದಾಡಿ ಮೇಲೆದ್ದರೆ, ಪಂಪಿನ ಇಬ್ಬರು ಆಳುಗಳು ಎಷ್ಟು ಜೋರಾಗಿ ತಿರುಗಿಸಬೇಕೆಂದು ತಮ್ಮತಮ್ಮಲ್ಲೇ ವಾದಕ್ಕಿಳಿದಿದ್ದರು!

ಚಿತ್ರಕ್ಕೆ ಡೇರಿಯಸ್ ಮಿಯೊ ಸಂಗೀತ ಕೊಟ್ಟ, ಜನ ಮುಗಿಬಿದ್ದು ನೋಡಿದರು. ಕಡಲಕುದುರೆಯ ಬಳೆ, ಪದಕಗಳು ಅಂಗಡಿಗೆ ಬಂದವು. ಮುಂದೆ ಬಾವಲಿಯ ಮೇಲೊಂದು ಚಿತ್ರ, ಅದಕ್ಕೆ ಡ್ಯೂಕ್ ಎಲಿಂಗ್ಟನ್‌ನ ಜಾಝ್. 1967ರಲ್ಲಿ ಆಕ್ಟೋಪಸ್‌ಗಳ ಪ್ರಣಯ. ಒಟ್ಟು ಇನ್ನೂರಕ್ಕೂ ಹೆಚ್ಚು. ನಡುವೆ, ಯುದ್ಧ ಮುಗಿಯುವ ಹೊತ್ತಿಗೆ, ಕೆಲವು ತಿಂಗಳು ಫ್ರೆಂಚ್ ಸಿನಿಮಾ ಇಲಾಖೆಗೇ ಮುಖ್ಯಸ್ಥನಾಗಿದ್ದ. ಜೀವಿಗಳ ಬಗ್ಗೆ ತಮಾಷೆಯಾಗಿ ಮಾತಾಡುವವನನ್ನು ವಿಜ್ಞಾನದ ಮಂದಿ ಪೂರ್ತಿ ತಮ್ಮವನೆಂದುಕೊಳ್ಳಲಿಲ್ಲ. ಸಿನಿಮಾದವರಿಗೆ ಅವನು ಮೇಷ್ಟ್ರು.

1989ರಲ್ಲಿ ತೀರಿಕೊಂಡ. ಈಚೆಗೆ ಆ ಹೆರಿಗೆಯ ದೃಶ್ಯವನ್ನು ಮತ್ತೆ ಹಾಕಿಕೊಂಡು ನೋಡಿದೆ. ಮರಿಗಳು ಹೊಗೆಯಂತೆ ಚದುರಿದವು, ಗಂಡು ಬಾಲವನ್ನು ಕಡಲ ಹುಲ್ಲಿಗೆ ಸುತ್ತಿ ಸುಮ್ಮನೆ ನಿಂತಿತು. ಗಾಜಿನ ಈಚೆ ಕಡೆ, ಟೋಪಿಗೆ ತಂತಿ ಕಟ್ಟಿಕೊಂಡು ಕೆಂಗಣ್ಣಾಗಿ ಕೂತಿದ್ದವನು ಯಾವ ಚೌಕಟ್ಟಿನಲ್ಲೂ ಇಲ್ಲ.