ಗಂಟು ಮಲಗಿದೆಯೋ, ನಿಂತಿದೆಯೋ?

ಕತ್ತಿಗೊಂದಿಷ್ಟು ಜೆಲ್, ಅದರ ಮೇಲೆ ಜಾರುವ ಒಂದು ಅಲ್ಟ್ರಾಸೌಂಡ್ ಪ್ರೋಬ್. ಅಷ್ಟೇ! ಕುಯ್ಯುವುದಿಲ್ಲ, ಚುಚ್ಚುವುದಿಲ್ಲ, ವಿಕಿರಣದ ಸೋಂಕೂ ಇಲ್ಲ. ಥೈರಾಯ್ಡಿನೊಳಗೆ ಅಡಗಿರುವ ಗಂಟು ಸಾಧುವೋ ಕೇಡಿಯೋ ಎಂಬ ಸುಳಿವನ್ನು ಬರೀ ಶಬ್ದ ಹೊತ್ತು ತರುತ್ತದೆ. ಅದೂ ಎಂಥ ಶಬ್ದ! ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಕ್ಕೇ ಸೋಲುತ್ತದೆ. ಇಲ್ಲಿ ಒಳಗೆ ಹೊಕ್ಕು ಮರುದನಿಯಾಗಿ ಹಿಂತಿರುಗುವುದು ಸೆಕೆಂಡಿಗೆ ಕೋಟಿಯ ಆಸುಪಾಸಿನ ಕಂಪನ.

ನನ್ನನ್ನು ದಂಗುಬಡಿಸಿದ್ದು ಗಂಟಿನ ಭಂಗಿ. ಅಂಗಾತ ಮಲಗಿದವರ ಕತ್ತಿನಲ್ಲಿ ಗಂಟೂ ಅಗಲಕ್ಕೆ ಮಲಗಿದ್ದರೆ ನಿರಾಳ. ಅಗಲಕ್ಕಿಂತ ಎತ್ತರವಾಗಿ, ಸೂರಿನ ಕಡೆಗೆ ಎದ್ದು ನಿಂತಿದ್ದರೆ ಅನುಮಾನ! ಸಾಧು ಗಂಟು ಅಂಗಾಂಶದ ಪದರಗಳ ನಡುವೆ ಸಿಕ್ಕ ಜಾಗದಲ್ಲೇ ಹರಡಿಕೊಳ್ಳುತ್ತದೆ, ಕ್ಯಾನ್ಸರ್ ಆ ಪದರಗಳನ್ನೇ ದಾಟಿ ಬೆಳೆಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಗುಣವೇ ಆಕಾರವಾಗಿ ಪರದೆಯ ಮೇಲೆ ಮೂಡುತ್ತದೆ!

ಪರದೆಯಲ್ಲಿ ಕಾಣುವ ಬಿಳಿ ಚುಕ್ಕಿಗಳ ಕತೆ ಇನ್ನೂ ಸೋಜಿಗ. ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರಿನಲ್ಲಿ ಕ್ಯಾಲ್ಸಿಯಂನ ಸೂಕ್ಷ್ಮ ಕಣಗಳು ಹೀಗೆ ಮಿನುಗುತ್ತವೆ. ಅದೇ ಚುಕ್ಕಿಯ ಹಿಂದೆ ಧೂಮಕೇತುವಿನ ಹಾಗೆ ದೊಡ್ಡ ಬಾಲವಿದ್ದರೆ? ಅದು ಬಹುಮಟ್ಟಿಗೆ ಕೊಲಾಯ್ಡ್, ಗ್ರಂಥಿಯದೇ ಅಂಟು ದ್ರವ. ಅಂದರೆ ಒಳ್ಳೆಯ ಸುದ್ದಿ! ಒಂದು ಬಾಲದಲ್ಲಿ ಇಷ್ಟು ವ್ಯತ್ಯಾಸ.

ಇವಕ್ಕೆಲ್ಲ ಅಂಕವೂ ಉಂಟು. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2017ರಲ್ಲಿ ಹೊರತಂದ ‘ಟೈರಾಡ್ಸ್’ ಪಟ್ಟಿಯಲ್ಲಿ ನಿಂತ ಗಂಟಿಗೆ 3, ಬಾಲವಿಲ್ಲದ ಸಣ್ಣ ಚುಕ್ಕಿಗಳಿಗೆ 3, ಸ್ಪಂಜಿನಂಥ ಗಂಟಿಗೆ ಸೊನ್ನೆ. ಈ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಷ್ಟೂ ಪಾಸು! ಒಟ್ಟು 7 ಅಥವಾ ಹೆಚ್ಚಾದರೆ ಐದನೇ ವರ್ಗ, ಎಲ್ಲಕ್ಕಿಂತ ಹೆಚ್ಚು ಶಂಕೆ. ಅಲ್ಲಿಯೂ ಗಂಟು 1 ಸೆಂಟಿಮೀಟರ್ ಮುಟ್ಟುವವರೆಗೆ ಸಾಮಾನ್ಯವಾಗಿ ಕೋಶ ತೆಗೆದು ಪರೀಕ್ಷಿಸಲು ಸೂಜಿ ಹಾಕುವುದಿಲ್ಲ.

ಈ ತಾಳ್ಮೆಗೆ ಕಾರಣವಿದೆ. ದಕ್ಷಿಣ ಕೊರಿಯಾದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕತ್ತಿನ ಸ್ಕ್ಯಾನಿಂಗ್ ಮಾಡಿದ ಫಲವಾಗಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಂತೂ 1993ರಿಂದಲೇ ಪುಟಾಣಿ ಕ್ಯಾನ್ಸರುಗಳನ್ನು ಕುಯ್ಯದೆ, ಸ್ಕ್ಯಾನಿಂಗಿನಲ್ಲೇ ಕಾವಲು ಕಾಯತೊಡಗಿತು. ಬಹುಪಾಲು ಗಂಟುಗಳು ಹತ್ತು ವರ್ಷವಾದರೂ ಬೆಳೆಯಲೇ ಇಲ್ಲ.

ಶಬ್ದ ಶಂಕಿಸುತ್ತದೆ, ತೀರ್ಪು ಸೂಜಿ ಪರೀಕ್ಷೆಯದು. ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನಿರಪಾಯಕಾರಿ. ನಿಮ್ಮ ವರದಿಯಲ್ಲಿ ‘ನಾಡ್ಯೂಲ್’, ಅಂದರೆ ಗಂಟು, ಎಂದು ಕಂಡರೆ ಎದೆಗುಂದಬೇಡಿ. ಎಷ್ಟನೇ ವರ್ಗ, ಎಷ್ಟು ಗಾತ್ರ ಎಂದು ಡಾಕ್ಟರನ್ನು ಕೇಳಿ.