ಕಂತು ಕಟ್ಟೋಕೆ ಆಗುತ್ತೆ, ಡೌನ್ ಪೇಮೆಂಟ್ ಎಲ್ಲಿಂದ ತರೋದು?

ಹಾಸ್ಟೆಲ್ ಬಿಟ್ಟು ಹೊರಗೆ ಮನೆ ಹುಡುಕಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿರುತ್ತೆ. ಹನ್ನೆರಡು ಸಾವಿರ ಬಾಡಿಗೆಯನ್ನ ಮೂರು ಜನ ಹಂಚಿಕೊಂಡ್ರೆ ಅಂಥ ಕಷ್ಟ ಏನಿಲ್ಲ. ಆದ್ರೆ ಓನರ್ ಆಂಟಿ "ಅಡ್ವಾನ್ಸ್ ಒಂದು ಲಕ್ಷ" ಅಂದ ತಕ್ಷಣ ಮೂವರೂ ಮುಖ ಮುಖ ನೋಡ್ಕೋತೀವಿ. ತಿಂಗಳು ತಿಂಗಳು ಕೊಡೋ ದುಡ್ಡು ಬೇರೆ, ಒಂದೇ ಸಲ ಎಣಿಸಿ ಕೊಡೋ ದುಡ್ಡು ಬೇರೆ. ಸ್ವಂತ ಮನೆ ಕೊಳ್ಳುವಾಗಲೂ ಸಮಸ್ಯೆ ಇದೇ. ಸೊನ್ನೆಗಳು ಮಾತ್ರ ಜಾಸ್ತಿ.

ನಮ್ಮ ಮನೆಯಲ್ಲಿ ಇದು 2019ರಲ್ಲಿ ನಡೆಯಿತು. ನಾನಾಗ ಎಂಟನೇ ಕ್ಲಾಸು. ದಾವಣಗೆರೆಯಲ್ಲಿ ನಮ್ಮ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ 32 ಲಕ್ಷಕ್ಕೆ ಒಂದು ಮನೆ ಮಾರಾಟಕ್ಕೆ ಬಂದಿತ್ತು. ಅಪ್ಪ ಅಷ್ಟು ವರ್ಷದಲ್ಲಿ ಒಂದು ತಿಂಗಳೂ ಬಾಡಿಗೆ ತಪ್ಪಿಸಿದವರಲ್ಲ. ಇಎಂಐ ಬಾಡಿಗೆಗಿಂತ ಜಾಸ್ತಿ ಆಗ್ತಿತ್ತು, ಆದ್ರೂ ಎಳೆದಾಡಿ ಕಟ್ಟಬಹುದು ಅಂತ ಬ್ಯಾಂಕಿನವರೂ ಒಪ್ಪಿದರು. ಸಮಸ್ಯೆ ಬಂದಿದ್ದು ಆಮೇಲೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80ರವರೆಗೆ, ಅದಕ್ಕೂ ಮೇಲಿದ್ದರೆ ಶೇ. 75ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ಇವು ಗರಿಷ್ಠ ಮಿತಿಗಳು, ಅಷ್ಟೂ ಕೊಡಲೇಬೇಕು ಅಂತಿಲ್ಲ. ಅಪ್ಪನಿಗೆ ಶೇ. 80 ಅಂದ್ರು. ಅಂದ್ರೆ 6.4 ಲಕ್ಷ ಕೈಯಿಂದ. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಖರ್ಚು ಅದರ ಮೇಲೆ. ಅಮ್ಮ ಒಡವೆ ಡಬ್ಬಿ ತೆಗೆದು ಟೇಬಲ್ ಮೇಲೆ ಇಟ್ಟರು. ಅಪ್ಪ ಅದನ್ನ ವಾಪಸ್ ಬೀರುವಿನೊಳಗೆ ಇಟ್ಟರು. ಆ ಮನೆ ಬೇರೆಯವರ ಪಾಲಾಯಿತು.

ಇದೆಲ್ಲ ಮತ್ತೆ ನೆನಪಾಗಿದ್ದು ದೊಡ್ಡಮ್ಮನ ಮಗಳು ಕ್ಯಾಲಿಫೋರ್ನಿಯಾದಿಂದ ಫೋನ್ ಮಾಡಿದಾಗ. "ಇಲ್ಲಿ ಡೌನ್ ಪೇಮೆಂಟ್‌ಗೆ ಸರ್ಕಾರನೇ ದುಡ್ಡು ಕೊಡುತ್ತೆ ಕಣೋ, ಲಾಟರಿಗೆ ಹೆಸರು ಹಾಕಿದ್ದೆ, ಬರಲಿಲ್ಲ" ಅಂದಳು ಅಕ್ಕ. ಮನೆಗೆ ಲಾಟರಿನಾ? ಕೂತು ಓದಿದೆ. ಅರ್ಥ ಆಗಿದ್ದನ್ನ ಇಲ್ಲಿ ಬರೀತಿದ್ದೀನಿ.

ಅಮೆರಿಕದ ಲೆಕ್ಕ

5 ಲಕ್ಷ ಡಾಲರ್ ಮನೆ ಅಂದುಕೊಳ್ಳಿ. ಶೇ. 20 ಡೌನ್ ಪೇಮೆಂಟ್ ಅಂದ್ರೆ 1 ಲಕ್ಷ ಡಾಲರ್. ಅಷ್ಟು ಇಲ್ಲದವರಿಗೆ ಬೇರೆ ದಾರಿ ಇದೆ. 1934ರಲ್ಲಿ ಶುರುವಾದ ಎಫ್‌ಎಚ್‌ಎ ಅನ್ನೋ ಸರ್ಕಾರಿ ಸಂಸ್ಥೆ ಸಾಲಕ್ಕೆ ವಿಮೆ ಕೊಡುತ್ತೆ. ಕ್ರೆಡಿಟ್ ಸ್ಕೋರ್ 580ಕ್ಕೆ ಕಡಿಮೆ ಇಲ್ಲದಿದ್ದರೆ ಶೇ. 3.5, ಅಂದ್ರೆ 17,500 ಡಾಲರ್ ಕೊಟ್ಟರೆ ಸಾಕು. ಆದ್ರೆ ಸುಮ್ಮನೆ ಅಲ್ಲ. ಡೌನ್ ಪೇಮೆಂಟ್ ಕಡಿಮೆ ಆದಷ್ಟೂ ಸಾಲ ದೊಡ್ಡದಾಗುತ್ತೆ. ಜೊತೆಗೆ ನಾವು ಸಾಲ ಕಟ್ಟದಿದ್ದರೆ ಬ್ಯಾಂಕಿಗೆ ನಷ್ಟ ಆಗಬಾರದು ಅಂತ ಒಂದು ವಿಮೆ, ಅದರ ಪ್ರೀಮಿಯಂ ಕಟ್ಟೋರು ನಾವೇ!

ಈ ಅಂತರ ತುಂಬೋಕೆ ರಾಜ್ಯಗಳು, ನಗರಗಳು ನಡೆಸೋದೇ ಡೌನ್ ಪೇಮೆಂಟ್ ನೆರವಿನ ಯೋಜನೆಗಳು. ಹೆಸರು ನೂರಾರು, ಆದ್ರೆ ಬಿಚ್ಚಿ ನೋಡಿದ್ರೆ ಒಳಗಿರೋದು ಮುಖ್ಯವಾಗಿ ನಾಲ್ಕೇ ಮಾದರಿ.

ಒಂದು, ಅನುದಾನ. ಕೊಟ್ಟರು, ಮುಗೀತು. ವಾಪಸ್ ಕೇಳಲ್ಲ.

ಎರಡು, ಮನ್ನಾ ಆಗೋ ಸಾಲ. ಉದಾಹರಣೆಗೆ 10,000 ಡಾಲರ್ ಕೊಟ್ಟು, ಆ ಮನೆಯಲ್ಲೇ ವಾಸ ಇದ್ದರೆ ವರ್ಷಕ್ಕೆ ಐದನೇ ಒಂದು ಭಾಗದಂತೆ ಮನ್ನಾ ಮಾಡ್ತಾ ಹೋಗ್ತಾರೆ. ಐದು ವರ್ಷಕ್ಕೆ ಸಾಲ ಸೊನ್ನೆ. ಎರಡು ವರ್ಷಕ್ಕೇ ಮಾರಿದ್ರೆ ಉಳಿದ 6,000 ಕೊಟ್ಟು ಹೋಗಬೇಕು.

ಮೂರು, ಮುಂದೂಡಿದ ಸಾಲ. ತಿಂಗಳ ಕಂತಿಲ್ಲ. ಮನೆ ಮಾರಿದಾಗ ಅಥವಾ ಮುಖ್ಯ ಸಾಲ ತೀರಿದಾಗ ಒಟ್ಟಿಗೆ ಕೊಡಬೇಕು. ಅಲ್ಲಿತನಕ ಕಡತದಲ್ಲಿ ಸುಮ್ಮನೆ ಕೂತಿರುತ್ತೆ.

ನಾಲ್ಕನೆಯದು ಅಕ್ಕ ಹೇಳಿದ್ದು, ಬೆಲೆ ಏರಿಕೆಯಲ್ಲಿ ಪಾಲು. ಕ್ಯಾಲಿಫೋರ್ನಿಯಾದ 'ಡ್ರೀಮ್ ಫಾರ್ ಆಲ್' ಯೋಜನೆಯಲ್ಲಿ ಮನೆ ಬೆಲೆಯ ಶೇ. 20ರವರೆಗೆ ರಾಜ್ಯವೇ ಕೊಡುತ್ತೆ. ನಮ್ಮ 5 ಲಕ್ಷದ ಮನೆಗೆ 1 ಲಕ್ಷ. ಬಡ್ಡಿ ಇಲ್ಲ, ಕಂತಿಲ್ಲ. ಮುಂದೆ ಆ ಮನೆ 6 ಲಕ್ಷಕ್ಕೆ ಮಾರಿದ್ರೆ ಲಾಭ 1 ಲಕ್ಷ. ಕೊಂಡ 1 ಲಕ್ಷದ ಜೊತೆ ಲಾಭದ ಶೇ. 20, ಅಂದ್ರೆ 20,000 ಸೇರಿಸಿ 1,20,000 ವಾಪಸ್. ಬೆಲೆ ಏರದೇ ಇದ್ದರೆ ಅಸಲು ಮಾತ್ರ. ವಾಪಸ್ ಬಂದ ದುಡ್ಡು ಮುಂದಿನವರಿಗೆ. ಊರ ಕಡೆ ಹಸು, ಕುರಿಗಳನ್ನ ಪಾಲಿಗೆ ಸಾಕೋಕೆ ಕೊಡ್ತಾರಲ್ಲ, ನನಗೆ ಅದೇ ನೆನಪಾಯ್ತು.

2023ರಲ್ಲಿ ಇದಕ್ಕೆ ಇಟ್ಟಿದ್ದು ಸುಮಾರು 30 ಕೋಟಿ ಡಾಲರ್. 11 ದಿನಕ್ಕೆ ಖಾಲಿ! ಮೊದಲು ಬಂದವರಿಗೆ ಮೊದಲು ಅಂದ್ರೆ ನಮ್ಮ ಎಲೆಕ್ಟಿವ್ ರಿಜಿಸ್ಟ್ರೇಷನ್ ಥರ, ವೆಬ್‌ಸೈಟ್ ಮುಂದೆ ತಯಾರಾಗಿ ಕೂತವರಿಗೇ ಸಿಗುತ್ತೆ. ಅದಕ್ಕೇ 2024ರಿಂದ ಲಾಟರಿ. ಜೊತೆಗೆ ಇನ್ನೊಂದು ಷರತ್ತು: ಅರ್ಜಿದಾರರಲ್ಲಿ ಒಬ್ಬರಾದರೂ 'ಮೊದಲ ತಲೆಮಾರಿನ' ಖರೀದಿದಾರರಾಗಿರಬೇಕು, ಅಂದ್ರೆ ಅವರ ಅಪ್ಪ ಅಮ್ಮನಿಗೆ ಅಮೆರಿಕದಲ್ಲಿ ಸ್ವಂತ ಮನೆ ಇರಬಾರದು. ದೊಡ್ಡಪ್ಪನ ಶಿವಮೊಗ್ಗದ ಮನೆ ಲೆಕ್ಕಕ್ಕೆ ಬರಲ್ಲ ಅಂತ ಅಕ್ಕ ನಕ್ಕಳು. ಈ ಷರತ್ತಿನ ಹಿಂದೆ ಒಂದು ಸತ್ಯ ಇದೆ. ಸ್ವಂತ ಮನೆ ಇರೋ ಅಪ್ಪ ಅಮ್ಮ ಮಕ್ಕಳ ಡೌನ್ ಪೇಮೆಂಟ್‌ಗೆ ಕೈ ಹಿಡೀತಾರೆ. ಬಾಡಿಗೆ ಮನೆಯ ಮಕ್ಕಳಿಗೆ ಆ ಕೈ ಇರಲ್ಲ.

ದಾನ ಮಾಡಿದವರು ಯಾರು?

ಇನ್ನೊಂದು ಕಥೆ ನಮಗೆಲ್ಲ ಪಾಠ. 1990ರ ದಶಕದ ಕೊನೆಯಿಂದ ಅಲ್ಲಿ ಕೆಲವು 'ದತ್ತಿ ಸಂಸ್ಥೆಗಳು' ಡೌನ್ ಪೇಮೆಂಟನ್ನ ಉಡುಗೊರೆಯಾಗಿ ಕೊಡ್ತಿದ್ದವು. ಆದ್ರೆ ಆ ದುಡ್ಡು ಬರ್ತಿದ್ದಿದ್ದು ಮನೆ ಮಾರೋನಿಂದಲೇ! ಮಾರೋನು ಉಡುಗೊರೆಯಷ್ಟು ದುಡ್ಡಿನ ಮೇಲೆ ಒಂದಿಷ್ಟು ಫೀಸ್ ಸೇರಿಸಿ ಸಂಸ್ಥೆಗೆ ಕೊಡೋನು. ಅವನೇನು ಕೈಯಿಂದ ಕಳ್ಕೋತಾನಾ? ಮನೆ ಬೆಲೆಗೆ ಸೇರಿಸೋನು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2005ರಲ್ಲಿ ಪರಿಶೀಲಿಸಿದಾಗ ಇಂಥ ಮನೆಗಳು ಅಂಥವೇ ಬೇರೆ ಮನೆಗಳಿಗಿಂತ ಶೇ. 2ರಿಂದ 3 ಜಾಸ್ತಿ ಬೆಲೆಗೆ ಹೋಗಿದ್ದವು. ಸಾಲ ಕಟ್ಟಲಾಗದೆ ಕೈಬಿಟ್ಟವರ ಪ್ರಮಾಣವೂ ಜಾಸ್ತಿ ಇತ್ತು. ಕೊನೆಗೆ 2008ರ ಕಾನೂನು ಎಫ್‌ಎಚ್‌ಎ ಸಾಲಗಳಿಗೆ ಇಂಥ ಉಡುಗೊರೆಯನ್ನ ನಿಷೇಧಿಸಿತು.

ಪಾಯಿಂಟ್ ಇಷ್ಟೇ: ಕೊಂಡವನು ತನ್ನ 'ಉಡುಗೊರೆ'ಗೆ ತಾನೇ ಮೂವತ್ತು ವರ್ಷ ಬಡ್ಡಿ ಕಟ್ಟೋ ಪರಿಸ್ಥಿತಿ. ನಾಳೆ ಕೆಲಸ ಸಿಕ್ಕಮೇಲೆ ಬೆಂಗಳೂರಿನ ರಿಂಗ್ ರೋಡಲ್ಲಿ 'ಜೀರೋ ಡೌನ್ ಪೇಮೆಂಟ್' ಹೋರ್ಡಿಂಗ್ ಕಂಡರೆ ಇದನ್ನ ನೆನಪಿಸಿಕೊಳ್ಳಿ.

ನಮ್ಮಲ್ಲಿ ಏನಿದೆ?

2019ರಲ್ಲಿ ಅಪ್ಪನಿಗೂ ಒಂದು ಯೋಜನೆ ಗೊತ್ತಿತ್ತು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಬ್ಸಿಡಿ, ಗರಿಷ್ಠ ಸುಮಾರು 2.67 ಲಕ್ಷ. ಆ ದುಡ್ಡು ಬರ್ತಿದ್ದಿದ್ದು ಸಾಲದ ಖಾತೆಗೆ, ಸಾಲ ಬಿಡುಗಡೆಯಾದ ಮೇಲೆ. ಕಂತು ಹಗುರ ಆಗುತ್ತೆ ನಿಜ. ಆದ್ರೆ 6.4 ಲಕ್ಷ ಎಣಿಸಿ ಕೊಡೋ ದಿನ ಅದು ಕೈಯಲ್ಲಿ ಇರಲ್ಲ. 2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಹೊಸ ಆವೃತ್ತಿಯೂ ಹಾಗೇ. ವರ್ಷಕ್ಕೆ 9 ಲಕ್ಷದವರೆಗೆ ಆದಾಯ ಇರೋರಿಗೆ, 35 ಲಕ್ಷದವರೆಗಿನ ಮನೆಗೆ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ. ಅದೂ ಸಾಲ ಪಡೆದ ಮೇಲೇ.

ಅಮೆರಿಕದ ಯೋಜನೆ ಹೊಸ್ತಿಲಲ್ಲಿ ಕೈ ಹಿಡಿಯುತ್ತೆ. ನಮ್ಮದು ಒಳಗೆ ಬಂದಮೇಲೆ ಕೂರೋಕೆ ಚಾಪೆ ಹಾಸುತ್ತೆ. ಎರಡೂ ಬೇಕು. ಆದ್ರೆ ಹೊಸ್ತಿಲಲ್ಲೇ ನಿಂತವರಿಗೆ ಚಾಪೆಯಿಂದ ಏನು ಉಪಯೋಗ? ಹೊಸ್ತಿಲಲ್ಲಿ ನಮಗೆ ಆಗೋದು ಪಿಎಫ್ ದುಡ್ಡು, ಒಡವೆ, ಇಲ್ಲಾಂದ್ರೆ ನೆಂಟರು.

ಹಾಗಾಗಿ ಎಲ್ಲೇ 'ನೆರವು' ಅಂತ ಕಂಡ್ರೂ ಮೂರು ಪ್ರಶ್ನೆ ಕೇಳಿ. ದುಡ್ಡು ಯಾವತ್ತು ಕೈಗೆ ಬರುತ್ತೆ? ಯಾರ ಜೇಬಿಂದ ಬರುತ್ತೆ? ಯಾವಾಗ, ಎಷ್ಟು ವಾಪಸ್ ಕೊಡಬೇಕು?

ಇದನ್ನೆಲ್ಲ ಬರೆದು ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಮನೆ ಮುಂದೆ ಒಂದು ಸಂಪಿಗೆ ಗಿಡ ಇತ್ತಲ್ಲ, ಈಗ ದೊಡ್ಡದಾಗಿದೆ ನೋಡು" ಅಂದರು.